ಮಂಡಿ ನೋವಿಗೆ ಎಂಎಸ್‌ಎಂ: ತಗೊಳ್ಳೋದಾ, ಬೇರೆ ದಾರಿ ನೋಡೋದಾ?

ಮೆಟ್ಟಿಲು ಇಳಿಯುವಾಗ ಮಂಡಿ ಚುಳ್ ಅನ್ನೋಕೆ ಶುರುವಾದರೆ ಸಾಕು, ಸಲಹೆಗಳಿಗೆ ಬರವಿಲ್ಲ. ನನ್ನ ಮಂಡಿ ಹಾಗೆ ಅಂದಾಗ ಪರಿಚಯದವರೊಬ್ಬರು ಒಂದು ಡಬ್ಬಿ ತಂದುಕೊಟ್ಟರು. ಒಳಗೆ ಬಿಳಿ ಹರಳು ಪುಡಿ. ವಾಸನೆ ಇಲ್ಲ. ನೀರಿಗೆ ಹಾಕಿ ಕದಡಿದರೆ ಕರಗಿ ಮಾಯ. ನಾಲಿಗೆಗೆ ಇಟ್ಟರೆ ಕಹಿ. ಡಬ್ಬಿಯ ಮೇಲೆ ಎಂಎಸ್‌ಎಂ ಅಂತ ದೊಡ್ಡದಾಗಿ, ಅದರ ಕೆಳಗೆ ಕೀಲುಗಳಿಗೆ ಗಂಧಕ ಬೇಕೇ ಬೇಕು ಅನ್ನೋ ಅರ್ಥದ ಒಂದು ಸಾಲು. ‘ನನಗೆ ಹದಿನೈದೇ ದಿನದಲ್ಲಿ ಗುಣ ಕಂಡಿತು, ನೀವೂ ನೋಡಿ’ ಅಂದರು.

ಅವರು ಸುಳ್ಳು ಹೇಳಲಿಲ್ಲ. ನೋವು ಕಡಿಮೆಯಾಗಿದ್ದು ನಿಜ. ಆದರೆ ಅದನ್ನು ಕಡಿಮೆ ಮಾಡಿದ್ದು ಆ ಪುಡಿಯೇನಾ ಅನ್ನೋದು ಬೇರೆ ಪ್ರಶ್ನೆ. ಕೀಲು ನೋವಿನ ಪೂರಕಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಈ ಎರಡನೇ ಪ್ರಶ್ನೆಯನ್ನೇ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಎಲ್ಲ ಡಬ್ಬಿಯೂ ಒಳ್ಳೆಯದೇ ಅನ್ನಿಸುತ್ತದೆ.

ಇಲ್ಲಿ ಮಾತಾಡುತ್ತಿರುವುದು ಆಸ್ಟಿಯೋಆರ್ಥ್ರೈಟಿಸ್ ಬಗ್ಗೆ, ಅಂದರೆ ವಯಸ್ಸು ಮತ್ತು ಭಾರದಿಂದ ಬರುವ ಕೀಲು ಸವೆತ. ಕೀಲು ಬಿಸಿಯಾಗಿ, ಕೆಂಪಾಗಿ ಊದಿದ್ದರೆ, ಜೊತೆಗೆ ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ ಈ ಹೋಲಿಕೆ ಎಲ್ಲ ಬೇಡ. ಮೊದಲು ಡಾಕ್ಟರ ಹತ್ತಿರ ಹೋಗಿ.

ಗಂಧಕದ ಕಥೆ ಎಲ್ಲಿ ತನಕ ನಿಜ?

ಎಂಎಸ್‌ಎಂ ಅಂದರೆ ಮೀಥೈಲ್‌ಸಲ್ಫೊನೈಲ್‌ಮೀಥೇನ್. ಅದರ ತೂಕದಲ್ಲಿ ಶೇ. 34ರಷ್ಟು ಗಂಧಕ. ಅಂದರೆ ದಿನಕ್ಕೆ 3 ಗ್ರಾಂ ತಗೊಂಡರೆ ಹೊಟ್ಟೆಗೆ ಹೋಗುವ ಗಂಧಕ ಸುಮಾರು 1 ಗ್ರಾಂ.

ಇದಕ್ಕೊಂದು ಅಣ್ಣ ಇದೆ, ಡಿಎಂಎಸ್‌ಒ ಅಂತ. ಕಾಗದ ಮಾಡಲು ಮರದ ತಿರುಳು ತೆಗೆಯುವಾಗ ಉಳಿಯುವ ಪದಾರ್ಥದಿಂದ ಬರುವ ದ್ರವ. 1960ರ ದಶಕದಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಸ್ಟ್ಯಾನ್ಲಿ ಜೇಕಬ್ ಅನ್ನುವ ವೈದ್ಯರು ಅದನ್ನು ನೋವಿನ ಮದ್ದಾಗಿ ಪ್ರಚಾರಕ್ಕೆ ತಂದರು. ಚರ್ಮಕ್ಕೆ ಹಚ್ಚಿದರೆ ಸಾಕು, ಒಳಗೆ ಇಳಿದುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಬಾಯಿಯಿಂದ ಬೆಳ್ಳುಳ್ಳಿ ಥರದ ವಾಸನೆ! 1978ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು, ಆದರೆ ಮೂತ್ರಕೋಶದ ಒಂದು ತೊಂದರೆಗೆ. ಕೀಲಿಗಲ್ಲ. ಡಿಎಂಎಸ್‌ಒ ನಮ್ಮ ದೇಹದೊಳಗೆ ಹೋದಾಗ ಅದರಲ್ಲಿ ಒಂದು ಪಾಲು ಎಂಎಸ್‌ಎಂ ಆಗುತ್ತದೆ. ಕಾರ್ಖಾನೆಯಲ್ಲೂ ಎಂಎಸ್‌ಎಂ ಮಾಡುವುದು ಡಿಎಂಎಸ್‌ಒದಿಂದಲೇ. ಹಾಲಿನಲ್ಲಿ, ಕೆಲವು ತರಕಾರಿಗಳಲ್ಲಿ ಚೂರುಪಾರು ಎಂಎಸ್‌ಎಂ ಇರುವುದು ನಿಜ. ಡಬ್ಬಿಯಲ್ಲಿರುವುದು ಅಲ್ಲಿಂದ ತೆಗೆದದ್ದಲ್ಲ, ಅಷ್ಟೇ. ಅದರಿಂದ ಹಾನಿ ಏನೂ ಇಲ್ಲ, ಅಣು ಎರಡೂ ಒಂದೇ. ‘ನೈಸರ್ಗಿಕ’ ಅನ್ನೋ ಪದಕ್ಕೆ ಜಾಸ್ತಿ ಬೆಲೆ ಕೊಡಬೇಡಿ ಅಂತ ಹೇಳಿದೆ.

ಈಗ ಜಾಹೀರಾತಿನ ವಾದ. ಮೂಳೆಗಳ ತುದಿಯಲ್ಲಿರುವ ಮೆತ್ತನೆಯ ಕಾರ್ಟಿಲೇಜ್‌ನಲ್ಲಿ ಗಂಧಕ ಇದೆ. ಕಾರ್ಟಿಲೇಜ್ ಸವೆಯುತ್ತಿದೆ. ಆದ್ದರಿಂದ ಗಂಧಕ ತಿನ್ನಿ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ದೇಹ ಗಂಧಕವನ್ನು ಮುಖ್ಯವಾಗಿ ತಗೊಳ್ಳುವುದು ಪ್ರೋಟೀನಿನಿಂದ, ಅದರಲ್ಲಿರುವ ಮಿಥಿಯೊನೈನ್ ಮತ್ತು ಸಿಸ್ಟೀನ್ ಎಂಬ ಅಮೈನೊ ಆಮ್ಲಗಳಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ದೊಡ್ಡವರಿಗೆ ಇವೆರಡೂ ಸೇರಿ ದಿನಕ್ಕೆ ಕೆಜಿಗೆ 15 ಮಿಲಿಗ್ರಾಂ ಬೇಕು. 60 ಕೆಜಿಯವರಿಗೆ 900 ಮಿಲಿಗ್ರಾಂ. ಹೊಟ್ಟೆ ತುಂಬಾ ಊಟ, ಅದರಲ್ಲಿ ಸಾಕಷ್ಟು ಪ್ರೋಟೀನ್ ಇದ್ದರೆ ಇಷ್ಟು ಸಿಕ್ಕೇ ಸಿಗುತ್ತದೆ. ಇಲಿಗಳಿಗೆ ಎಂಎಸ್‌ಎಂ ಕೊಟ್ಟು ನೋಡಿದಾಗ ಅದರ ಬಹುಪಾಲು ಮೂತ್ರದಲ್ಲಿ ಹೊರಗೆ ಹೋಯಿತು. ಗೋಡೆ ಬಿರುಕು ಬಿಟ್ಟಿದೆ ಅಂತ ಅಂಗಳದಲ್ಲಿ ಸಿಮೆಂಟ್ ಮೂಟೆ ಇಳಿಸಿದರೆ ಬಿರುಕು ಮುಚ್ಚುತ್ತದೆಯಾ? ಮೂಟೆ ಬರುವುದು ಒಂದು ಕೆಲಸ, ಕಟ್ಟುವುದು ಇನ್ನೊಂದು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ವಾದ ಇದೆ. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಎಂಎಸ್‌ಎಂ ಹಾಕಿದಾಗ ಉರಿಯೂತದ ಸಂಕೇತಗಳು ತಗ್ಗುತ್ತವೆ. ಎಂಎಸ್‌ಎಂ ಏನಾದರೂ ಮಾಡುವುದಿದ್ದರೆ ಈ ದಾರಿಯಲ್ಲೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಆದರೆ ತಟ್ಟೆಯಲ್ಲಿರುವ ಜೀವಕೋಶಕ್ಕೂ ಮೆಟ್ಟಿಲು ಇಳಿಯುವ ಮಂಡಿಗೂ ತುಂಬಾ ದೂರ. ಅದಕ್ಕೇ ಮನುಷ್ಯರ ಮೇಲಿನ ಪ್ರಯೋಗ ನೋಡಬೇಕು.

ಎಂಎಸ್‌ಎಂ ಬೆನ್ನಿಗಿರುವ ಪುರಾವೆ

ಹೆಚ್ಚಿಲ್ಲ. ಅದಕ್ಕೇ ಮುಖ್ಯವಾದವನ್ನು ಒಂದೊಂದಾಗಿ ನೋಡಬಹುದು.

2004ರಲ್ಲಿ ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ 118 ಜನರ ಮೇಲೆ 12 ವಾರ ಪ್ರಯೋಗ ನಡೆಯಿತು. ನಾಲ್ಕು ಗುಂಪು: ಗ್ಲುಕೋಸಮೈನ್ (ಕೀಲು ನೋವಿಗೆ ಮಾರುವ ಇನ್ನೊಂದು ಪೂರಕ), ಎಂಎಸ್‌ಎಂ, ಎರಡೂ ಸೇರಿದ್ದು, ಮತ್ತು ಔಷಧವೇ ಇಲ್ಲದ ಹುಸಿ ಮಾತ್ರೆ. ಎಂಎಸ್‌ಎಂ ಪ್ರಮಾಣ ದಿನಕ್ಕೆ ಮೂರು ಸಲ 500 ಮಿಲಿಗ್ರಾಂ. ಹುಸಿ ಮಾತ್ರೆಗಿಂತ ಮೂರೂ ಚೆನ್ನಾಗಿ ಕೆಲಸ ಮಾಡಿದವು, ಎರಡೂ ಸೇರಿದ್ದು ಇನ್ನೂ ಚೆನ್ನಾಗಿ. ಒಂದೊಂದು ಗುಂಪಿನಲ್ಲಿ ಇದ್ದದ್ದು ಮಾತ್ರ ಮೂವತ್ತು ಜನರ ಆಸುಪಾಸು.

2006ರಲ್ಲಿ ಅಮೆರಿಕದಲ್ಲಿ 50 ಜನ, 12 ವಾರ, ದಿನಕ್ಕೆ 6 ಗ್ರಾಂ. ಪ್ರಮಾಣ ನೋಡಿ, ಹೈದರಾಬಾದಿನ ನಾಲ್ಕರಷ್ಟು. ನೋವು ಮತ್ತು ಓಡಾಟ ಹುಸಿ ಮಾತ್ರೆಯವರಿಗಿಂತ ಸುಧಾರಿಸಿತು. ಕೀಲು ಬಿಗಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

2011ರಲ್ಲಿ ಇಸ್ರೇಲ್‌ನಲ್ಲಿ 49 ಜನ, ಮತ್ತೆ 12 ವಾರ, ದಿನಕ್ಕೆ ಸುಮಾರು 3.4 ಗ್ರಾಂ. ಸುಧಾರಣೆ ಕಂಡಿತು. ಆದರೆ ಅದು ಸಣ್ಣದು, ರೋಗಿಗೆ ಅದರಿಂದ ನಿಜವಾದ ಉಪಯೋಗ ಇದೆಯೋ ಇಲ್ಲವೋ ಇನ್ನೂ ತಿಳಿಯಬೇಕು ಅಂತ ಪ್ರಯೋಗ ಮಾಡಿದವರೇ ಬರೆದರು. ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಡಬ್ಬಿ ಮಾರುವವರು ಇದೇ ಪ್ರಯೋಗದಿಂದ ‘ನೋವು ಕಡಿಮೆ’ ಅನ್ನೋದನ್ನಷ್ಟೇ ಎತ್ತಿಕೊಳ್ಳುತ್ತಾರೆ.

2023ರಲ್ಲಿ ಜಪಾನಿನಿಂದ ಇನ್ನೊಂದು ಬಂತು. ದಿನಕ್ಕೆ 2 ಗ್ರಾಂ, 12 ವಾರ, ಹುಸಿ ಮಾತ್ರೆಗಿಂತ ಮೇಲು ಅಂತ ಫಲಿತಾಂಶ. ಆದರೆ ಅದರಲ್ಲಿ ಇದ್ದವರಿಗೆ ಇದ್ದದ್ದು ಸಣ್ಣ ಪ್ರಮಾಣದ ಮಂಡಿ ನೋವು. ಸವೆತ ಮುಂದುವರಿದವರಿಗೆ ಅದನ್ನು ಹಾಗೇ ಒಪ್ಪಿಸೋಕೆ ಆಗಲ್ಲ.

ಹೀಗೆ ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ‘ಹೌದು’ ಅನ್ನುತ್ತವೆ. ಒಟ್ಟಿಗೆ ನೋಡಿದವರು ಏನಂದರು? 2008ರ ಒಂದು ಪರಿಶೀಲನೆಗೆ ಸಿಕ್ಕ ಎಂಎಸ್‌ಎಂ ಪ್ರಯೋಗ ಎರಡೇ. ಜನ ಒಟ್ಟು 168. ಅದರಲ್ಲಿ ಬರೀ ಎಂಎಸ್‌ಎಂ ತಗೊಂಡವರು 52. ಅದೇ ತಂಡ 2011ರಲ್ಲಿ ಡಿಎಂಎಸ್‌ಒ ಮತ್ತು ಎಂಎಸ್‌ಎಂ ಎರಡರ ಅಂಕಿಗಳನ್ನೂ ಸೇರಿಸಿ ಲೆಕ್ಕ ಹಾಕಿತು. 100ರ ನೋವಿನ ಅಳತೆಯಲ್ಲಿ ಹುಸಿ ಮಾತ್ರೆಗಿಂತ ಸುಮಾರು 6 ಅಂಕ ಮೇಲು. ಅದೂ ಕಾಕತಾಳೀಯ ಇರಬಹುದು ಅನ್ನುವಷ್ಟು ಅಲುಗಾಡುವ 6. 2018ರಲ್ಲಿ 20 ಬಗೆಯ ಪೂರಕಗಳ 69 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಇನ್ನೊಂದು ಪರಿಶೀಲನೆ ಎಂಎಸ್‌ಎಂಗೆ ಕೊಟ್ಟ ತೀರ್ಪು: ಲೆಕ್ಕದಲ್ಲಿ ವ್ಯತ್ಯಾಸ ಇದೆ, ಮಂಡಿಗೆ ಅದು ಗೊತ್ತಾಗುತ್ತದಾ ಅನ್ನೋದು ಸ್ಪಷ್ಟವಿಲ್ಲ.

ಇನ್ನೊಂದು ಗಮನಿಸಿ. ಮೇಲಿನ ಎಲ್ಲ ಪ್ರಯೋಗಗಳೂ 12 ವಾರ. ಸವೆತವೋ ವರ್ಷಗಟ್ಟಲೆಯದು. ಎಂಎಸ್‌ಎಂ ಕಾರ್ಟಿಲೇಜ್ ಬೆಳೆಸುತ್ತದೆ ಅಂತ ಯಾರಾದರೂ ಹೇಳಿದರೆ ಅದಕ್ಕೆ ಆಧಾರ ಈ ಪ್ರಯೋಗಗಳಲ್ಲಿ ಸಿಗುವುದಿಲ್ಲ.

ಹುಸಿ ಮಾತ್ರೆಯೇ ಗೆದ್ದ ಕಥೆ

ಪಕ್ಕದಲ್ಲಿ ಇಡಬೇಕಾದ ಮುಖ್ಯ ಪ್ರತಿಸ್ಪರ್ಧಿ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್. ಇವೂ ಗಂಧಕದ ಮನೆಯವೇ: ಒಂದು ಹೆಚ್ಚಾಗಿ ಸಲ್ಫೇಟ್ ಅನ್ನುವ ಗಂಧಕ ಇರುವ ರೂಪದಲ್ಲಿ ಬರುತ್ತದೆ, ಇನ್ನೊಂದರ ಹೆಸರೇ ಕಾಂಡ್ರಾಯ್ಟಿನ್ ಸಲ್ಫೇಟ್. ಇವುಗಳ ಮೇಲೆ ಎಂಎಸ್‌ಎಂಗಿಂತ ಎಷ್ಟೋ ಪಟ್ಟು ದೊಡ್ಡ ಪ್ರಯೋಗಗಳು ನಡೆದಿವೆ. ಅವುಗಳಲ್ಲಿ ಒಂದನ್ನು ಬಿಡಿಸಿ ನೋಡಿದರೆ ಪುರಾವೆ ಓದುವುದು ಹೇಗೆ ಅಂತ ಅರ್ಥವಾಗುತ್ತದೆ.

ಗೇಟ್ ಅಂತ ಅದರ ಹೆಸರು. 2006ರಲ್ಲಿ ಫಲಿತಾಂಶ ಬಂತು. ಅಮೆರಿಕದಲ್ಲಿ 1,583 ಜನ, 24 ವಾರ. ಮಂಡಿ ನೋವು ಕನಿಷ್ಠ ಶೇ. 20 ಕಡಿಮೆಯಾದರೆ ‘ಗುಣ ಕಂಡಿತು’ ಅಂತ ಲೆಕ್ಕ. ಗ್ಲುಕೋಸಮೈನ್ ತಗೊಂಡವರಲ್ಲಿ ಶೇ. 64 ಜನರಿಗೆ ಗುಣ ಕಂಡಿತು. ಕಾಂಡ್ರಾಯ್ಟಿನ್‌ಗೆ ಶೇ. 65.4. ಎರಡೂ ಸೇರಿಸಿ ತಗೊಂಡವರಿಗೆ ಶೇ. 66.6. ಇಲ್ಲಿಗೆ ನಿಲ್ಲಿಸಿದರೆ ಅದ್ಭುತ, ಅಲ್ವಾ? ಮೂವರಲ್ಲಿ ಇಬ್ಬರಿಗೆ ಗುಣ! ಆದರೆ ಏನೂ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಶೇ. 60.1 ಜನರಿಗೆ ಗುಣ ಕಂಡಿತ್ತು. ನೋವು ನಿವಾರಕ ಸೆಲೆಕಾಕ್ಸಿಬ್ ಒಂದೇ ಶೇ. 70.1 ಮುಟ್ಟಿ ಸ್ಪಷ್ಟವಾಗಿ ಮುಂದೆ ನಿಂತಿತು.

ನನ್ನ ಪರಿಚಯದವರ ಹದಿನೈದು ದಿನ ಇಲ್ಲೇ ಅಡಗಿದೆ. ಸವೆತದ ನೋವು ಏರಿಳಿತದ್ದು. ಜನ ಡಬ್ಬಿ ಕೊಳ್ಳುವುದು ನೋವು ತುತ್ತತುದಿಗೆ ಏರಿದಾಗ. ಅಲ್ಲಿಂದ ಅದು ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಜೊತೆಗೆ ಏನೋ ಮಾಡುತ್ತಿದ್ದೇನೆ ಅನ್ನುವ ಸಮಾಧಾನ, ಸ್ವಲ್ಪ ಜಾಗ್ರತೆಯ ನಡಿಗೆ. ಹೆಸರು ಮಾತ್ರ ಡಬ್ಬಿಗೆ ಹೋಗುತ್ತದೆ. ಆದ್ದರಿಂದ ‘ನೂರಕ್ಕೆ ಅರವತ್ತು ಜನರಿಗೆ ಗುಣವಾಗಿದೆ’ ಅಂತ ಯಾರೇ ಹೇಳಲಿ, ಮರುಪ್ರಶ್ನೆ ಒಂದೇ: ಹುಸಿ ಮಾತ್ರೆ ತಗೊಂಡವರಲ್ಲಿ ಎಷ್ಟು ಜನರಿಗೆ?

ಗೇಟ್‌ನಲ್ಲಿ ಒಂದು ಉಪಕಥೆಯೂ ಇದೆ. ಜಾಸ್ತಿ ನೋವಿದ್ದವರ ಸಣ್ಣ ಗುಂಪಿನಲ್ಲಿ ಜೋಡಿ ಮಾತ್ರೆಗೆ ಶೇ. 79.2, ಹುಸಿ ಮಾತ್ರೆಗೆ ಶೇ. 54.3. ಜಾಹೀರಾತುಗಳಿಗೆ ಈ ಅಂಕಿ ಬಲು ಇಷ್ಟ. 2017ರಲ್ಲಿ ಸ್ಪೇನ್‌ನಲ್ಲಿ 164 ಜನರಿಗೆ ಇದೇ ಜೋಡಿ ಕೊಟ್ಟು ನೋಡಿದಾಗ ಹುಸಿ ಮಾತ್ರೆಯೇ ಮೇಲಾಯಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಆಸ್ಟ್ರೇಲಿಯಾದಲ್ಲಿ 605 ಜನರನ್ನು ಎರಡು ವರ್ಷ ಗಮನಿಸಿದ ಪ್ರಯೋಗದಲ್ಲಿ ಜೋಡಿ ತಗೊಂಡವರ ಎಕ್ಸ್‌ರೇಯಲ್ಲಿ ಕೀಲಿನ ಜಾಗ ಸ್ವಲ್ಪ ಕಡಿಮೆ ಕಿರಿದಾಗಿತ್ತು, ನೋವಿನಲ್ಲಿ ಮಾತ್ರ ಹುಸಿ ಮಾತ್ರೆಗಿಂತ ಹೆಚ್ಚಿನ ಲಾಭ ಸಿಗಲಿಲ್ಲ. 2010ರಲ್ಲಿ ಹತ್ತು ಪ್ರಯೋಗಗಳ 3,803 ಜನರ ಲೆಕ್ಕ ಸೇರಿಸಿದವರೂ ಹೇಳಿಕೊಳ್ಳುವ ಲಾಭ ಇಲ್ಲ ಅಂದರು. 2019ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಮಂಡಿ ಸವೆತಕ್ಕೆ ಇವೆರಡೂ ಬೇಡ ಅಂತ ಖಡಾಖಂಡಿತವಾಗಿ ಹೇಳಿತು.

ಹಾಗಾದರೆ ಎಂಎಸ್‌ಎಂ ಗ್ಲುಕೋಸಮೈನ್‌ಗಿಂತ ವಾಸಿನಾ? ಹಾಗೆ ಹೇಳೋಕೆ ಬರಲ್ಲ. ಗ್ಲುಕೋಸಮೈನ್ ದೊಡ್ಡ ಪರೀಕ್ಷೆ ಬರೆದು ಕಡಿಮೆ ಅಂಕ ತಗೊಂಡಿದೆ. ಎಂಎಸ್‌ಎಂ ಇನ್ನೂ ಕಿರುಪರೀಕ್ಷೆಗಳಲ್ಲೇ ಇದೆ. ಗ್ಲುಕೋಸಮೈನ್ ಕೂಡ ಸಣ್ಣ ಪ್ರಯೋಗಗಳ ಕಾಲದಲ್ಲಿ ಭಾರಿ ಭರವಸೆ ಹುಟ್ಟಿಸಿತ್ತು ಅನ್ನೋದು ನೆನಪಿರಲಿ.

ಕೊಳ್ಳುವವರಿಗೆ ಒಂದು ವ್ಯತ್ಯಾಸ ಮಾತ್ರ ಖಚಿತ. ಗ್ಲುಕೋಸಮೈನ್ ಹೆಚ್ಚಾಗಿ ಸೀಗಡಿ, ಏಡಿ ಚಿಪ್ಪಿನಿಂದ ಬರುತ್ತದೆ. ಕಾಂಡ್ರಾಯ್ಟಿನ್ ದನ ಅಥವಾ ಶಾರ್ಕ್‌ನಂಥ ಪ್ರಾಣಿಗಳ ಮೃದು ಎಲುಬಿನಿಂದ. ಸಸ್ಯಾಹಾರಿಗಳಿಗೆ, ಚಿಪ್ಪಿನ ಜೀವಿಗಳ ಅಲರ್ಜಿ ಇರುವವರಿಗೆ ಇದು ದೊಡ್ಡ ವಿಷಯ. ಎಂಎಸ್‌ಎಂಗೆ ಆ ರಗಳೆ ಇಲ್ಲ. ಕ್ಯಾಪ್ಸೂಲ್ ಹೊದಿಕೆ ಜೆಲಾಟಿನ್ನಿನದಾ ಅಂತ ಮಾತ್ರ ನೋಡಿಕೊಳ್ಳಿ.

ಇದೇ ಗಂಧಕದ ಮನೆತನದ ಇನ್ನೊಂದು ಪೂರಕ ಸ್ಯಾಮ್-ಇ. 2004ರಲ್ಲಿ 61 ಜನರ ಪ್ರಯೋಗದಲ್ಲಿ ಮೊದಲ ತಿಂಗಳು ಸೆಲೆಕಾಕ್ಸಿಬ್ ಮುಂದಿತ್ತು, ಎರಡನೇ ತಿಂಗಳಿಗೆ ಇದೂ ಸಮ ಬಂತು. ಆದರೆ ಇದು ಮನಸ್ಸಿನ ಮೇಲೂ ಕೆಲಸ ಮಾಡುತ್ತದೆ. ಖಿನ್ನತೆಯ ಮಾತ್ರೆ ತಗೊಳ್ಳುವವರು, ಬೈಪೋಲಾರ್ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮಂಡಿ ನೋವಿಗೆ ಮೊದಲ ಆಯ್ಕೆಯಾಗಿ ಇದನ್ನು ನಾನಂತೂ ಹೇಳಲ್ಲ.

ಡಬ್ಬಿಯಲ್ಲಿ ಸಿಗದ ಎರಡು

ಪೂರಕಗಳನ್ನು ಪೂರಕಗಳ ಜೊತೆಗೇ ಹೋಲಿಸುತ್ತಾ ಕೂತರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ.

ಡೈಕ್ಲೊಫೆನಾಕ್ ಜೆಲ್ ಒಂದು. ಹಚ್ಚಿಕೊಳ್ಳುವ ಮದ್ದು. ಹಲವು ಪ್ರಯೋಗಗಳನ್ನು ಸೇರಿಸಿ ನೋಡಿದಾಗ 6ರಿಂದ 12 ವಾರದಲ್ಲಿ ಹತ್ತರಲ್ಲಿ ಆರು ಜನರಿಗೆ ಒಳ್ಳೆಯ ಗುಣ ಕಂಡಿತು. ಹುಸಿ ಜೆಲ್‌ಗೆ ಹತ್ತರಲ್ಲಿ ಐದು. ಇಲ್ಲೂ ಹುಸಿಯ ಪಾಲು ದೊಡ್ಡದೇ! ಆದರೆ ಈ ಒಂದು ಅಂಕದ ಮುನ್ನಡೆ ನೂರಿನ್ನೂರು ಜನರ ಮೇಲೆ ನಿಂತಿದ್ದಲ್ಲ, ಸಾವಿರಾರು ಜನರದು. ನುಂಗುವ ಮಾತ್ರೆಯಷ್ಟು ರಕ್ತಕ್ಕೆ ಇಳಿಯುವುದಿಲ್ಲ ಅನ್ನೋದು ಇನ್ನೊಂದು ಅನುಕೂಲ. ಮೂತ್ರಪಿಂಡ, ಹೊಟ್ಟೆಹುಣ್ಣು, ಹೃದಯದ ತೊಂದರೆ ಇದ್ದರೆ ಇದಕ್ಕೂ ಡಾಕ್ಟರ ಒಪ್ಪಿಗೆ ಬೇಕು.

ಇನ್ನೊಂದು ವ್ಯಾಯಾಮ. 2015ರ ದೊಡ್ಡ ಪರಿಶೀಲನೆಯಲ್ಲಿ 100ರ ಅಳತೆಯಲ್ಲಿ ಮಂಡಿ ನೋವು ಸುಮಾರು 12 ಅಂಕ ಇಳಿದಿತ್ತು. 2024ರಲ್ಲಿ 139 ಪ್ರಯೋಗಗಳನ್ನು ಸೇರಿಸಿ ಮತ್ತೆ ನೋಡಿದಾಗ ಅದು 9ರ ಹತ್ತಿರಕ್ಕೆ ಬಂತು. ಅಂದರೆ ಎಂಎಸ್‌ಎಂ, ಡಿಎಂಎಸ್‌ಒ ಸೇರಿದ ಆ 6ಕ್ಕೂ ಇದಕ್ಕೂ ಆಕಾಶ ಭೂಮಿ ಅಂತರ ಇಲ್ಲ, ಅದನ್ನು ಮುಚ್ಚಿಡಬಾರದು. ಅಂತರ ಇರುವುದು ನಂಬಿಕೆಯ ಗಟ್ಟಿತನದಲ್ಲಿ. ಒಂದರ ಹಿಂದೆ 139 ಪ್ರಯೋಗ, ಇನ್ನೊಂದರ ಹಿಂದೆ ಬೆರಳೆಣಿಕೆಯವು. ಮೇಲಾಗಿ ತೊಡೆಯ ಸ್ನಾಯು ಗಟ್ಟಿಯಾದರೆ ಮೆಟ್ಟಿಲು, ಕುರ್ಚಿ, ನಿದ್ದೆ ಎಲ್ಲಕ್ಕೂ ಲಾಭ. ತೂಕ ಜಾಸ್ತಿ ಇದ್ದವರಿಗೆ ಇನ್ನೊಂದು ಲೆಕ್ಕ: 1 ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆಜಿಯಷ್ಟು ತಗ್ಗುತ್ತದೆ ಅಂತ 2005ರಲ್ಲಿ ಅಳೆದು ನೋಡಿದ್ದಾರೆ. ಮೊದಲ ಎರಡು ವಾರ ವ್ಯಾಯಾಮದಿಂದ ನೋವು ಸ್ವಲ್ಪ ಏರಬಹುದು. ಬಹಳ ಜನ ಅಲ್ಲೇ ಕೈಬಿಡುತ್ತಾರೆ.

ಹಾಗಾದರೆ ಯಾರಿಗೆ ಯಾವುದು?

ಇನ್ನೂ ಏನೂ ಮಾಡಿಲ್ಲ ಅಂದರೆ ವ್ಯಾಯಾಮದಿಂದ ಶುರು ಮಾಡಿ, ಜೊತೆಗೆ ಜೆಲ್ ಇಟ್ಟುಕೊಳ್ಳಿ. ಅದನ್ನು ಮಾಡುತ್ತಿದ್ದೀರಿ, ಇನ್ನೂ ಸ್ವಲ್ಪ ಬೇಕು, ಖರ್ಚು ಹೊರೆಯಲ್ಲ ಅಂದರೆ ಎಂಎಸ್‌ಎಂ ನೋಡಬಹುದು. ಪ್ರಯೋಗಗಳಲ್ಲಿ ದೊಡ್ಡ ತೊಂದರೆ ಕಂಡಿಲ್ಲ. ಹೊಟ್ಟೆಯುಬ್ಬರ, ವಾಕರಿಕೆ, ಭೇದಿ, ತಲೆನೋವು ಕೆಲವರಿಗೆ ಆಗುತ್ತದೆ. ನೋವು ನಿವಾರಕ ಮಾತ್ರೆ ನುಂಗಲಾಗದ ಹೊಟ್ಟೆಯವರಿಗೆ ಇದೊಂದು ಆಸೆ, ಆದರೆ ಅದರಷ್ಟು ಬಲ ಇದರಲ್ಲಿ ಇಲ್ಲ. ಗ್ಲುಕೋಸಮೈನ್ ಮೊದಲೇ ತಗೊಳ್ಳುತ್ತಿದ್ದು ನಿಮಗೆ ಒಗ್ಗಿದೆ ಅಂದರೆ ಗಾಬರಿಯಾಗಿ ಬಿಸಾಡಬೇಕಿಲ್ಲ. ಹೊಸದಾಗಿ ಶುರು ಮಾಡೋಕೆ ಮಾತ್ರ ಕಾರಣ ಕಾಣಿಸಲ್ಲ.

ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮದ್ದು ತಗೊಳ್ಳುವವರು ಇವುಗಳಲ್ಲಿ ಯಾವುದನ್ನೇ ಆಗಲಿ ಕೇಳದೆ ಶುರು ಮಾಡಬೇಡಿ. ಗ್ಲುಕೋಸಮೈನ್ ವಾರ್ಫರಿನ್‌ನ ಪರಿಣಾಮ ಏರಿಸಿದ ಉದಾಹರಣೆಗಳಿವೆ. ಗರ್ಭಿಣಿಯರು, ಹಾಲೂಡಿಸುವವರು ದೂರ ಇರುವುದೇ ಲೇಸು. ‘ನನಗೆ ಸಲ್ಫಾ ಅಲರ್ಜಿ, ಎಂಎಸ್‌ಎಂ ಆಗುತ್ತಾ?’ ಅಂತ ಬಹಳ ಜನ ಕೇಳುತ್ತಾರೆ. ಸಲ್ಫಾ ಅನ್ನುವ ಆ್ಯಂಟಿಬಯಾಟಿಕ್ ಮಾತ್ರೆಗಳ ರಚನೆ ಬೇರೆ, ಎಂಎಸ್‌ಎಂ ಆ ಗುಂಪಿನದಲ್ಲ. ಗಂಧಕಕ್ಕೇ ಅಲರ್ಜಿ ಆಗುವಂತಿದ್ದರೆ ಮನುಷ್ಯ ಬದುಕೋದೇ ಕಷ್ಟ, ಪ್ರೋಟೀನ್ ತುಂಬಾ ಅದೇ ಇದೆ.

ಕೊಳ್ಳುವುದಾದರೆ ಡಬ್ಬಿಯ ಹಿಂಭಾಗ ತಿರುಗಿಸಿ. ಗ್ಲುಕೋಸಮೈನ್, ಕಾಂಡ್ರಾಯ್ಟಿನ್, ಎಂಎಸ್‌ಎಂ, ಅರಿಸಿನ, ವಿಟಮಿನ್ ಎಲ್ಲ ಸೇರಿಸಿದ ಮಾತ್ರೆಯಲ್ಲಿ ಎಂಎಸ್‌ಎಂ ಎಷ್ಟಿದೆ ನೋಡಿ. ಒಂದಕ್ಕೆ 250 ಮಿಲಿಗ್ರಾಂ ಇದ್ದರೆ ದಿನಕ್ಕೆ 3 ಗ್ರಾಂ ಆಗಲು 12 ಮಾತ್ರೆ ನುಂಗಬೇಕು. ಇಂಥವನ್ನು ನಾನು ಅಲ್ಲೇ ಇಟ್ಟುಬಿಡುತ್ತೇನೆ. ಬರೀ ಎಂಎಸ್‌ಎಂ ಇರುವುದು, ಪ್ರಮಾಣ ಸ್ಪಷ್ಟವಾಗಿ ಬರೆದಿರುವುದು, ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಿರುವುದು ತಗೊಳ್ಳಿ. ಒಂದೇ ಸಲ ಎರಡು ಹೊಸದು ಶುರು ಮಾಡಿದರೆ ಯಾವುದು ಏನು ಮಾಡಿತು ಅಂತ ತಿಳಿಯುವುದೇ ಇಲ್ಲ.

ಶುರು ಮಾಡುವ ಮುಂಚೆ ಒಂದು ವಾರ ಸುಮ್ನೆ ನೋವನ್ನು ಬರೆದಿಡಿ. 0ಯಿಂದ 10ರವರೆಗೆ, ದಿನಾ ಒಂದೇ ಹೊತ್ತಿಗೆ, ಒಂದೇ ಕೆಲಸ ಮಾಡಿದ ಮೇಲೆ. ಆಮೇಲೆ 12 ವಾರ ಹಾಗೇ ಮುಂದುವರಿಸಿ.

ನಾನು ಬರೆದಿದ್ದು ಒಂದು ಹಳೇ ಡೈರಿಯಲ್ಲಿ, ಸಂಜೆ ಮೆಟ್ಟಿಲು ಇಳಿದ ಮೇಲೆ. ಮೊದಲ ವಾರದ ಸರಾಸರಿ 5. ದಿನಕ್ಕೆ 3 ಗ್ರಾಂ ಪುಡಿ ನೀರಿಗೆ ಕದಡಿ, ಮೂಗು ಮುಚ್ಚಿ ಕುಡಿದೆ. ಮೂರನೇ ವಾರ 3ಕ್ಕೆ ಇಳಿದಾಗ ನಾನೂ ಇನ್ನೊಬ್ಬರಿಗೆ ಡಬ್ಬಿ ಕೊಡೋಕೆ ತಯಾರಾಗಿದ್ದೆ. ಏಳನೇ ವಾರ ಮತ್ತೆ 5. ಹನ್ನೆರಡನೇ ವಾರ 4. ಡಬ್ಬಿ ಮುಗಿದ ಮೇಲೂ ಒಂದು ತಿಂಗಳು ಬರೆದೆ, ಪುಡಿ ಇಲ್ಲದೆ. ಅದೂ 4. ಎರಡನೇ ಡಬ್ಬಿ ತರಿಸಲಿಲ್ಲ. ಬೆಳಗಿನ ಕುರ್ಚಿ ವ್ಯಾಯಾಮ, ಎದ್ದು ಕೂರುವುದು, ಹತ್ತರಂತೆ ಮೂರು ಸಲ, ಅದು ನಡೀತಾ ಇದೆ.